ಅವರ ಕಥೆ ಅವರ ಬಾಯಲ್ಲೇ



ಹಬ್ಬ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ನಾಟಕ ಇದ್ದೇ ಇರುತ್ತದೆ. ಯುವಜನರು ಸಂತರ ಜೀವನವನ್ನು ಆಡುತ್ತಾರೆ, ರಾಜನ ಗಡ್ಡ ಜಾರಿದರೆ ಎಲ್ಲರೂ ನಗುತ್ತೇವೆ. ಆದರೆ ಒಬ್ಬ ವ್ಯಕ್ತಿ ವೇಷವಿಲ್ಲದೆ ರಂಗದ ಮೇಲೆ ನಿಂತು, ತನ್ನ ಬದುಕಿನಲ್ಲಿ ನಡೆದದ್ದನ್ನೇ ಹೇಳಿದರೆ? ಅವನ ಪಂಗಡದಿಂದ ನೊಂದವರೂ ಎದುರಿಗೆ ಕುಳಿತಿದ್ದರೆ? ಉತ್ತರ ಐರ್ಲೆಂಡಿನಲ್ಲಿ ಇದು ನಡೆದಿದೆ.

ಅಲ್ಲಿ ಎರಡಾಗಿ ಒಡೆದು ನಿಂತವರು ಒಬ್ಬನೇ ಕ್ರಿಸ್ತನನ್ನು ನಂಬುವ ಕಥೋಲಿಕರು ಮತ್ತು ಪ್ರೊಟೆಸ್ಟೆಂಟರು. ಜಗಳ ಮಾತ್ರ ವಿಶ್ವಾಸದ ಕುರಿತಾದುದಲ್ಲ. ನಾಡು ಬ್ರಿಟನ್ನಿನ ಜೊತೆ ಇರಬೇಕೋ ಐರ್ಲೆಂಡಿಗೆ ಸೇರಬೇಕೋ, ಮನೆ, ಉದ್ಯೋಗ, ಮತದಾನದಲ್ಲಿ ನ್ಯಾಯ ಯಾರಿಗೆ ಎಂಬುದು. 1960ರ ದಶಕದ ಕೊನೆಯಿಂದ 1998ರ ಶುಭ ಶುಕ್ರವಾರದ ಒಪ್ಪಂದದವರೆಗೆ ಸುಮಾರು 3,500 ಮಂದಿ ಸತ್ತರು. ಒಪ್ಪಂದದ ನಂತರ ಬಂದೂಕುಗಳು ಬಹುಮಟ್ಟಿಗೆ ಸುಮ್ಮನಾದವು, ಮನಸ್ಸುಗಳು ಆಗಲಿಲ್ಲ. ಹೆಚ್ಚಿನ ಮಕ್ಕಳು ಇಂದಿಗೂ ಬೇರೆ ಬೇರೆ ಶಾಲೆಗಳಿಗೇ ಹೋಗುತ್ತಾರೆ. ಫಾಯಲ್ ನದಿಯ ದಡದ ಊರೊಂದನ್ನು ಕಥೋಲಿಕರು ಡೆರಿ ಎಂದರೆ, ಪ್ರೊಟೆಸ್ಟೆಂಟರಲ್ಲಿ ಅನೇಕರು ಲಂಡನ್‌ಡೆರಿ ಎನ್ನುತ್ತಾರೆ. ಊರಿನ ಹೆಸರು ಹೇಳಿದೊಡನೆ ನೀವು ಯಾವ ಕಡೆಯವರೆಂದು ತಿಳಿದುಬಿಡುತ್ತದೆ!

ಅದೇ ಊರಿನ ಪ್ಲೇಹೌಸ್ ಎಂಬ ರಂಗಮಂದಿರಕ್ಕೆ ಅಮೆರಿಕದಿಂದ ತೇಯಾ ಸೆಪಿನಕ್ ಎಂಬ ಮಹಿಳೆ ಬಂದರು. 1986ರಿಂದ ಅವರು ತಮ್ಮ ದೇಶದಲ್ಲಿ ಕೈದಿಗಳು, ನಿರಾಶ್ರಿತರು ಮುಂತಾದವರ ಜೊತೆ ನಾಟಕ ಕಟ್ಟುತ್ತಿದ್ದವರು. ಆ ರೀತಿಗೆ ಅವರಿಟ್ಟ ಹೆಸರು ಥಿಯೇಟರ್ ಆಫ್ ವಿಟ್ನೆಸ್, ಎಂದರೆ ಸಾಕ್ಷಿಯ ರಂಗಭೂಮಿ. ಡೆರಿಯಲ್ಲಿ ಮೊದಲ ಪ್ರದರ್ಶನ 2009ರಲ್ಲಿ ನಡೆಯಿತು. ಶಸ್ತ್ರ ಹಿಡಿದು ಜೈಲು ಕಂಡವರು, ಪೊಲೀಸರಾಗಿದ್ದವರು, ಮನೆಯವರನ್ನು ಕಳೆದುಕೊಂಡವರು ಈ ನಾಟಕಗಳಲ್ಲಿ ಒಂದೇ ವೇದಿಕೆಗೆ ಬಂದರು.

ಕೆಲಸ ನಿಧಾನದ್ದು. ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ದೀರ್ಘವಾಗಿ ಕೇಳುತ್ತಾರೆ. ಅವರ ಮಾತುಗಳಿಂದಲೇ ನಾಟಕ ಬರೆದು, ಅವರಿಗೇ ಓದಿ ಹೇಳುತ್ತಾರೆ. ಅವರು ಒಪ್ಪಿದ್ದು ಮಾತ್ರ ವೇದಿಕೆಗೆ ಬರುತ್ತದೆ. ನಂತರ ತಿಂಗಳುಗಳ ಅಭ್ಯಾಸ. ಜನರ ಮುಂದೆ ನಿಲ್ಲುವ ಹೊತ್ತಿಗೆ, ಎದುರು ಪಕ್ಷದವನ ಕಥೆ ಇವರಿಗೂ ಬಾಯಿಪಾಠವಾಗಿರುತ್ತದೆ. ನನಗೆ ತೋರುವಂತೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ನಾಟಕ ಮುಗಿದ ಮೇಲೆ ಪ್ರೇಕ್ಷಕರೊಂದಿಗೆ ಮಾತುಕತೆಯೂ ಉಂಟು.

ಸಾಕ್ಷಿ ಎಂದೊಡನೆ ನಮಗೆ ಧ್ಯಾನಕೂಟದ ಸಾಕ್ಷ್ಯ ನೆನಪಾಗುತ್ತದೆ. 'ಹೀಗಿದ್ದೆ, ದೇವರು ಮುಟ್ಟಿದರು, ಈಗ ಹೀಗಿದ್ದೇನೆ' ಎಂದು ಅಲ್ಲಿ ಕಥೆ ದಡ ಸೇರುತ್ತದೆ. ಡೆರಿಯ ಕಥೆಗಳು ಹಾಗೆ ದಡ ಸೇರಲೇಬೇಕೆಂದಿಲ್ಲ. ಇದು ಪಾಪನಿವೇದನೆಯೂ ಅಲ್ಲ, ಕೇಳುಗರಿಗೆ ಕ್ಷಮಿಸುವ ಅಧಿಕಾರವೂ ಇಲ್ಲ, ಹಂಗೂ ಇಲ್ಲ. ಒಪ್ಪಬೇಕಾಗಿಲ್ಲ, ಕೊನೆಯವರೆಗೆ ಕೇಳಿದರೆ ಸಾಕು. 'ಅವರೆಲ್ಲ ಇಂಥವರೇ' ಎಂದು ಬೆಳೆದವನಿಗೆ, ಅವರಲ್ಲೊಬ್ಬನ ಕೈ ನಡುಗುವುದನ್ನು ಕಂಡ ಮೇಲೆ ಆ ಮಾತನ್ನು ಮೊದಲಿನಷ್ಟು ಸಲೀಸಾಗಿ ಆಡಲಾಗದು.

ಕೊಂದವನಿಗೆ ವೇದಿಕೆ ಏಕೆ ಎಂದು ಮಗನನ್ನು ಕಳೆದುಕೊಂಡ ತಾಯಿ ಕೇಳಿದರೆ? ಆ ಪ್ರಶ್ನೆ ನ್ಯಾಯವಾದದ್ದು, ನಾಟಕ ನ್ಯಾಯಾಲಯದ ಕೆಲಸ ಮಾಡದು. ಹಳೆಯ ಗಾಯ ಮತ್ತೆ ತೆರೆದುಕೊಳ್ಳುವ ಅಪಾಯವೂ ಇದೆ. ಜೊತೆಗಿರುವವರಿಲ್ಲದೆ ಇದಕ್ಕೆ ಕೈಹಾಕಬಾರದು.

ಇದನ್ನೆಲ್ಲ ಹೇಳಿದಾಗ ನಮ್ಮ ಯುವಕನೊಬ್ಬ, "ಫಾದರ್, ಹಬ್ಬಕ್ಕೆ ನಾವೂ ಇಂಥದ್ದೊಂದು ಮಾಡೋಣ" ಎಂದ. ಜಮೀನಿನ ವ್ಯಾಜ್ಯದಿಂದ ಹನ್ನೊಂದು ವರ್ಷ ಮಾತುಬಿಟ್ಟ ಎರಡು ಮನೆಗಳು ಅವನ ಮನಸ್ಸಿನಲ್ಲಿದ್ದವು. "ಆ ಮನೆಯವರನ್ನು ಕೇಳಿದೆಯಾ?" ಎಂದೆ. ಇಲ್ಲ. "ಹಾಗಾದರೆ ಮೊದಲು ಹೋಗಿ ಕೂತು ಕೇಳು, ಏನೂ ಬರೆದುಕೊಳ್ಳಬೇಡ."

"ಹಬ್ಬಕ್ಕೆ ಆರೇ ವಾರ ಇದೆ ಫಾದರ್."

ಈ ಸಲಕ್ಕೆ ಸಂತ ಸೆಬಾಸ್ತಿಯನರ ನಾಟಕವೇ ಇರಲಿ ಎಂದೆ. ಆದರೂ ಮುಂದಿನ ಭಾನುವಾರ ಬಲಿಪೂಜೆಯ ನಂತರ ಅವನು ಆ ಮನೆಗಳಲ್ಲೊಂದರ ಜಗಲಿಯ ಮೇಲೆ ಕುಳಿತದ್ದನ್ನು ಕಂಡೆ.