ಕುಂದಾಪುರದಲ್ಲಿ ಉಣ್ಣುವುದಾದರೆ ಗಡಿಯಾರ ನೋಡಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ದಾಟಿ ಉತ್ತರಕ್ಕೆ ಬಂದ ಪರವೂರಿನವರು ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಕಾರು ನಿಧಾನಿಸಿ ಕೇಳುವುದು, ‘ಗೀ ರೋಸ್ಟ್ ಎಲ್ಲಿ ಚೆನ್ನಾಗಿರುತ್ತೆ?’ ಎಂದು. ಊರಿನವರು ಅದೇ ಹೊತ್ತಿಗೆ ಹೋಟೆಲಿನ ಬಾಗಿಲಲ್ಲೇ ನಿಂತು ಕೇಳುತ್ತಾರೆ: ‘ಹ್ವಾಯ್, ಇವತ್ತ್ ಎಂತ ಮೀನ್ ಇತ್ತ್?’ ಮೊದಲನೆಯ ಪ್ರಶ್ನೆಗೆ ವರ್ಷವಿಡೀ ಒಂದೇ ಉತ್ತರ. ಎರಡನೆಯದಕ್ಕೆ ದಿನಕ್ಕೊಂದು ಉತ್ತರ, ಕೆಲವೊಮ್ಮೆ ಗಂಟೆಗೊಂದು.

ಗೀ ರೋಸ್ಟ್ ಹುಟ್ಟಿದ್ದು ಇಲ್ಲಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಎಂಬುದು ಕರಾವಳಿಯುದ್ದಕ್ಕೂ ರೂಢಿಯಲ್ಲಿರುವ ಮಾತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಮೆಂತ್ಯ, ಜೀರಿಗೆ ಹುರಿದು, ಬೆಳ್ಳುಳ್ಳಿ, ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆದ ಮಸಾಲೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಾಡಿಸಬೇಕು. ಹಸಿವಾಸನೆ ಹೋಗಿ, ಮುದ್ದೆಯಾದ ಮಸಾಲೆ ಬಾಣಲೆಯ ಅಂಚಿನಲ್ಲಿ ಕೆಂಪು ತುಪ್ಪ ಬಿಟ್ಟುಕೊಂಡ ಮೇಲೆಯೇ ಕೋಳಿ ಬೀಳಬೇಕು. ಆತುರ ಮಾಡಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ತಟ್ಟೆಗೆ ಬಂದಾಗ ಮಸಾಲೆ ತುಂಡಿಗೆ ಕಚ್ಚಿಕೊಂಡಿರಬೇಕು. ಸಾರಿನ ಹಾಗೆ ಹರಿದರೆ ಅದು ಹೆಸರಿಗಷ್ಟೇ ಗೀ ರೋಸ್ಟ್.

ಅದರಲ್ಲಿ ತೆಂಗಿನಕಾಯಿ ಇಲ್ಲ ಎಂಬುದನ್ನು ಗಮನಿಸಿ. ಹೆಜ್ಜೆಗೊಂದು ತೆಂಗಿನ ಮರವಿರುವ ಊರಿನ ಅತಿ ಪ್ರಸಿದ್ಧ ಪದಾರ್ಥದಲ್ಲಿ ಕಾಯಿ ಬೀಳುವುದಿಲ್ಲ. ಅದರ ಮೆಣಸೂ ಘಟ್ಟ ಹತ್ತಿದರೆ ಸಿಗುವ ಹಾವೇರಿ ಸೀಮೆಯದು. ಬೆಂಗಳೂರು, ಮುಂಬೈಗಳ ಹೋಟೆಲುಗಳಿಗೆ ಇದು ಸಲೀಸಾಗಿ ದಾಟಿದ್ದು ಅದಕ್ಕೇ ಇರಬೇಕು. ಹಾಗಿರುವಾಗ ಬೆಂಗಳೂರಿನಿಂದ ಇಷ್ಟು ದೂರ ಬಂದು ಅದೊಂದನ್ನೇ ತಿಂದು ಹೋಗುವುದು ನಷ್ಟದ ವ್ಯವಹಾರ ಎಂದು ನನ್ನ ಅಭಿಪ್ರಾಯ.

ಮನೆಗಳ ಕೋಳಿ ಬೇರೆ. ಮಳೆಗಾಲಕ್ಕೆ ಮೊದಲೇ ಬಿಸಿಲಿಗೆ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿಟ್ಟ ಮಸಾಲೆ, ಅದಕ್ಕೆ ಧಾರಾಳವಾಗಿ ಕಾಯಿಹಾಲು, ಊರ ಕೋಳಿ. ಕೋಳಿ ಸಾರಿನ ಜೊತೆ ನೀರುದೋಸೆ ಅಥವಾ ಗರಿಗರಿ ರೊಟ್ಟಿ. ರೊಟ್ಟಿಯ ಮೇಲೆ ಸಾರು ಸುರಿದ ಮೇಲೆ ಫೋಟೊ ತೆಗೆಯುತ್ತ ಕೂರಬಾರದು. ಅರ್ಧ ಮೆತ್ತಗಾಗಿ ಅರ್ಧ ಗರಿಯಾಗಿರುವ ಗಳಿಗೆ ಬಹಳ ಚಿಕ್ಕದು.

ಇನ್ನು ಮೀನು. ಕುಂದಾಪುರಕ್ಕೆ ಮೂರು ಕಡೆ ನೀರು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಇಲ್ಲೇ ಕಡಲು ಸೇರುತ್ತವೆ. ಆಚೆ ದಡದಲ್ಲಿ ಗಂಗೊಳ್ಳಿ ಬಂದರು. ಕಣ್ಣಿಗೆ ಕಾಣುವಷ್ಟು ಹತ್ತಿರ, ರಸ್ತೆಯಲ್ಲಿ ಹೋದರೆ ಹೆಮ್ಮಾಡಿ ಕಡೆಯಿಂದ ಸುತ್ತಿ ಬರಬೇಕು. ಅಲ್ಲಿಗೆ ದೋಣಿ ತಂದ ಮೀನೇ ಮಧ್ಯಾಹ್ನದ ಊಟದ ಭವಿಷ್ಯ ಬರೆಯುತ್ತದೆ. ಕಡಲ ಮೀನಿನ ಜೊತೆಗೆ ಅಳಿವೆಯ ಏಡಿ, ಚಿಪ್ಪುಗಳೂ ಉಂಟು.

ಸಣ್ಣ ಹೋಟೆಲಿನ ಮೀನೂಟವೆಂದರೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ. ಫ್ರೈ ಬೇರೆ ಹೇಳಬೇಕು. ಬಡಿಸುವವರು ಒಂದೇ ಉಸಿರಿಗೆ ‘ಬಂಗುಡೆ, ಬೂತಾಯಿ, ಕಾಣೆ, ನಂಗ್, ಅಂಜಲ್’ ಎನ್ನುತ್ತಾರೆ. ಹೊರಗಿನವರು ಅಂಜಲ್‌ಗೆ ಬೀಳುವುದು ಹೆಚ್ಚು. ಮುಳ್ಳಿನ ಭಯ ಕಡಿಮೆ, ದರ ಮಾತ್ರ ಜಾಸ್ತಿ. ನನ್ನನ್ನು ಕೇಳಿದರೆ ಕಾಣೆ ಹೇಳಿ. ಮೈಗೆ ಅಡ್ಡಡ್ಡ ಗೀರು ಹಾಕಿ, ಗೀರಿನೊಳಗೂ ಮಸಾಲೆ ತುಂಬಿ, ಕಾವಲಿಯಲ್ಲಿ ಎರಡೂ ಮಗ್ಗುಲು ಕಾಯಿಸಿರುತ್ತಾರೆ. ನಡುಮುಳ್ಳು ಹಿಡಿದೆತ್ತಿದರೆ ಬಿಳಿ ಮಾಂಸ ಸಲೀಸಾಗಿ ಬಿಡುತ್ತದೆ. ಬಿಡದೆ ಪುಡಿಪುಡಿಯಾದರೆ ಆ ಮೀನು ಐಸಿನಲ್ಲಿ ಬಹಳ ದಿನ ಮಲಗಿತ್ತು ಎಂದೇ ತಿಳಿಯಿರಿ. ಬೂತಾಯಿಯನ್ನು ಅಗ್ಗವೆಂದು ಹೀಗಳೆಯಬೇಡಿ. ಅದರ ಸಾರು ಮಾರನೆಯ ಬೆಳಿಗ್ಗೆ ದೋಸೆಗೆ ಇನ್ನೂ ರುಚಿ. ಆ ಭಾಗ್ಯ ಮನೆಯವರಿಗೆ ಮಾತ್ರ.

ಎಲ್ಲ ಕಾಲದಲ್ಲೂ ಹೀಗಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ; ಮೀನು ಮೊಟ್ಟೆಯಿಡುವ ಕಾಲವೆಂದು. ನಾಡದೋಣಿಯವರು ಕಡಲು ಒಪ್ಪಿದ ದಿನ ತಂದಷ್ಟೇ ತಾಜಾ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನು ಲಾರಿಯಲ್ಲಿ ಬರುತ್ತದೆ. ಮೆನು ಬದಲಾಗುವುದಿಲ್ಲ, ಮೀನು ಬದಲಾಗಿರುತ್ತದೆ. ಆ ತಿಂಗಳುಗಳಲ್ಲಿ ಒಣಮೀನು, ಒಣ ಸಿಗಡಿ ಚಟ್ನಿಯೇ ಹೆಚ್ಚು ಪ್ರಾಮಾಣಿಕ ಊಟ. ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ. ಗೀ ರೋಸ್ಟ್‌ಗೂ ಆಗ ತಕರಾರಿಲ್ಲ.

ಮೀನು ಮುಟ್ಟದವರು ಉಪವಾಸ ಬೀಳುವುದಿಲ್ಲ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ಕೊಂಕಣಿಗರ ಬಿಸ್ಕುಟ್ ಅಂಬಡೆ ಇದ್ದೇ ಇವೆ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಕುಂಭಾಶಿಯ ಆನೆಗುಡ್ಡೆ ವಿನಾಯಕ ದೇವಸ್ಥಾನದಲ್ಲಿ ಮಧ್ಯಾಹ್ನ ಪ್ರಸಾದದ ಊಟ.

ಹೋಗುವವರಿಗೆ ಇಷ್ಟೇ ಹೇಳುವುದು: ದೊಡ್ಡ ಬೋರ್ಡು ಹುಡುಕಬೇಡಿ, ಮಧ್ಯಾಹ್ನ ಸ್ಥಳೀಯರ ಬೈಕು, ಆಟೋರಿಕ್ಷಾಗಳು ಸಾಲಾಗಿ ನಿಂತ ಕಡೆ ನುಗ್ಗಿ. ಸೋಮವಾರ ಬೇಡ, ಅಂದು ಊರಿನ ಹಲವರು ಮೀನು ತಿನ್ನುವುದಿಲ್ಲ. ಸೆಪ್ಟೆಂಬರ್ ನಂತರ ಬನ್ನಿ. ಒಂದು ಗಂಟೆಯೊಳಗೆ ಕೂತುಬಿಡಿ. ಎರಡೂವರೆಗೆ ಹೋದರೆ ಒಳ್ಳೆಯ ಮೀನೆಲ್ಲ ಖಾಲಿಯಾಗಿ ಸಾರು ಮಾತ್ರ ಉಳಿದಿರುತ್ತದೆ.