ಐವತ್ತರ ನೋಟಿನಲ್ಲಿ ಇಲ್ಲದ ಗೋಪುರ

ಮನೆಯಲ್ಲಿ ಐವತ್ತು ರೂಪಾಯಿಯ ಹೊಸ ನೋಟು ಇದ್ದರೆ ಒಮ್ಮೆ ತಿರುಗಿಸಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿರುವ ಈ ರಥ ನಿಜವಾಗಿ ಗರುಡನ ಗುಡಿ. ಕಲ್ಲಿನ ಚಕ್ರಗಳು, ಕೆತ್ತನೆಯ ಗೋಡೆ, ಮೇಲೆ ಚಾಚಿಕೊಂಡ ಸೂರು. ಅಲ್ಲಿಗೆ ರಥ ಮುಗಿಯಿತು. ಶಾಲಾ ಪ್ರವಾಸದಲ್ಲಿ ಅದರ ಮುಂದೆ ನಿಂತವರಿಗೂ ಕಂಡದ್ದು ಇಷ್ಟೇ.

ಆದರೆ 1856ರಲ್ಲಿ ಇದೇ ರಥದ ಮುಂದೆ ಒಬ್ಬರು ಕ್ಯಾಮೆರಾ ಹೂಡಿ ಚಿತ್ರ ತೆಗೆದಿದ್ದಾರೆ. ಆ ಚಿತ್ರದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆ ಗಾರೆಯ ಗೋಪುರವೊಂದು ನಿಂತಿದೆ! ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಗೋಪುರವನ್ನು ಇಳಿಸಲಾಯಿತು. ಅದನ್ನು ಕಣ್ಣಾರೆ ಕಂಡವರು ಇಂದು ಯಾರೂ ಇಲ್ಲ. ‘ರಥಕ್ಕೆ ಗೋಪುರವಿತ್ತು’ ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ನಂಬುವವರೆಷ್ಟು ಮಂದಿ? ಒಂದು ಕಾಗದದ ಚೂರು ಅದಕ್ಕೆ ಸಾಕ್ಷಿ ನುಡಿಯುತ್ತಿದೆ.

ಆ ಚಿತ್ರ ತೆಗೆದವರು ವೃತ್ತಿಯಿಂದ ಛಾಯಾಗ್ರಾಹಕರಲ್ಲ. ಅವರು ಮದರಾಸು ಸೈನ್ಯದ ಅಧಿಕಾರಿ, ಮುಂದೆ ಕರ್ನಲ್ ಆದ ಅಲೆಕ್ಸಾಂಡರ್ ಗ್ರೀನ್‌ಲಾ. ಛಾಯಾಗ್ರಹಣ ಅವರಿಗೆ ಹವ್ಯಾಸ.

ಸೈನ್ಯಾಧಿಕಾರಿಗಳ ಹೊಸ ಹುಚ್ಚು

ಗ್ರೀನ್‌ಲಾ ಹಂಪಿಯಲ್ಲಿ ಚಿತ್ರ ತೆಗೆದ ಕಾಲಕ್ಕೆ ಛಾಯಾಗ್ರಹಣ ಹುಟ್ಟಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ನೆಗೆಟಿವ್‌ನ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1841ರಲ್ಲಿ. ಅದಾಗಿ ಹತ್ತು ಹದಿನೈದು ವರ್ಷಗಳಲ್ಲೇ ಈ ವಿದ್ಯೆ ಕನ್ನಡ ನಾಡಿನ ದೇವಾಲಯಗಳ ಬಾಗಿಲಿಗೆ ಬಂತು. ತಂದವರು ಹೆಚ್ಚಾಗಿ ಸೈನ್ಯಾಧಿಕಾರಿಗಳು ಮತ್ತು ವೈದ್ಯರು.

ಬೆಂಗಳೂರಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳಿಗೆ ಹೋಗಿ ಹೊಯ್ಸಳ ಶಿಲ್ಪಗಳ ಚಿತ್ರ ತೆಗೆದರು. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಅವು ಜನರ ಕಣ್ಣಿಗೆ ಬಿದ್ದವು. 1856ರಲ್ಲಿ ಟ್ರೈಪ್ ಅವರನ್ನು ಮದರಾಸು ಸರ್ಕಾರ ತನ್ನ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡಿತು. ಹವ್ಯಾಸವೇ ಉದ್ಯೋಗವಾಯಿತೆನ್ನಬಹುದು. ಪಿಗೌ ಮತ್ತು ನೀಲ್ ಎಂಬ ಇಬ್ಬರು ವೈದ್ಯರು, ಬಿಗ್ಸ್ ಎಂಬ ಸೈನ್ಯಾಧಿಕಾರಿ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಅಚ್ಚಾದವು.

ಆಗಿನ ತಿರುಗಾಟ ಇಂದಿನ ಹಾಗಲ್ಲ. ದಕ್ಷಿಣ ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದೇ 1856ರಲ್ಲಿ, ಅದೂ ಮದರಾಸಿನ ಕಡೆ. ಹಂಪಿಗೆ ಸಾಮಾನು ಸಾಗಬೇಕಾದರೆ ಎತ್ತಿನಗಾಡಿ ಇಲ್ಲವೇ ಹೊರೆಯಾಳುಗಳೇ ಗತಿ. ಸಾಮಾನೂ ಸಣ್ಣದಲ್ಲ. ಗ್ರೀನ್‌ಲಾ ಅವರ ನೆಗೆಟಿವ್‌ಗಳು ಹೆಚ್ಚು ಕಡಿಮೆ ಒಂದೂವರೆ ಅಡಿ ಉದ್ದದವು. ಚಿಕ್ಕ ನೆಗೆಟಿವ್ ತೆಗೆದು ಆಮೇಲೆ ಹಿಗ್ಗಿಸುವ ಅನುಕೂಲ ಆಗ ಇರಲಿಲ್ಲ. ಚಿತ್ರ ಎಷ್ಟು ದೊಡ್ಡದಾಗಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕು. ಅಷ್ಟು ದೊಡ್ಡ ನೆಗೆಟಿವ್ ಹಿಡಿಸುವ ಪೆಟ್ಟಿಗೆಯೇ ಕ್ಯಾಮೆರಾ. ಜೊತೆಗೆ ರಾಸಾಯನಿಕಗಳು, ತಟ್ಟೆಗಳು, ಶುದ್ಧವಾದ ನೀರು, ಕೆಲಸಕ್ಕೊಂದು ಕತ್ತಲ ಕೋಣೆ ಅಥವಾ ಗುಡಾರ.

ಕಾಗದ, ಮೇಣ, ಬೆಳ್ಳಿ

ಕಾಗದದ ಮೇಲೆ ಚಿತ್ರ ಮೂಡುವುದು ಹೇಗೆ? ಪ್ರೌಢಶಾಲೆಯ ರಸಾಯನ ವಿಜ್ಞಾನ ಓದಿದವರಿಗೆ ಇದು ಕಷ್ಟವಲ್ಲ.

ಒಳ್ಳೆಯ ಕಾಗದವನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸುತ್ತಿದ್ದರು. ಆಮೇಲೆ ಕತ್ತಲಲ್ಲಿ ಅದಕ್ಕೆ ಬೆಳ್ಳಿಯ ನೈಟ್ರೇಟ್ ತಾಗಿಸಿದರೆ ಕಾಗದದ ಎಳೆಗಳ ನಡುವೆ ಬೆಳ್ಳಿಯ ಅಯೊಡೈಡ್ ಕೂರುತ್ತದೆ. ಇದು ಬೆಳಕಿಗೆ ಸ್ಪಂದಿಸುವ ವಸ್ತು. ಕ್ಯಾಮೆರಾದೊಳಗೆ ಮಸೂರದ ಮೂಲಕ ಬಿಂಬ ಈ ಕಾಗದದ ಮೇಲೆ ಬಿದ್ದಾಗ, ಬೆಳಕು ಹೆಚ್ಚು ತಾಗಿದ ಕಡೆ ಬೆಳ್ಳಿಯ ಸೂಕ್ಷ್ಮ ಕಣಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಆಗಿನ್ನೂ ಏನೂ ಕಾಣದು. ಬಳಿಕ ಕಾಗದವನ್ನು ಗ್ಯಾಲಿಕ್ ಆಮ್ಲದಲ್ಲಿ ತೊಳೆಯಬೇಕು. ಇದು ನಮ್ಮ ಅಳಲೆಕಾಯಿಯಲ್ಲೂ ಇರುವ ಆಮ್ಲವೇ. ಅದರಲ್ಲಿ ಚಿತ್ರ ನಿಧಾನವಾಗಿ ಕಪ್ಪಾಗಿ ಮೇಲೇಳುತ್ತದೆ. ಕೊನೆಗೆ ಹೈಪೊ ದ್ರಾವಣ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಅದು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸುತ್ತದೆ.

ಇಷ್ಟರಲ್ಲಿ ಮೇಣಕ್ಕೇನು ಕೆಲಸ? ದೋಸೆ ಕಟ್ಟಿದ ಕಾಗದಕ್ಕೆ ಎಣ್ಣೆ ತಾಗಿದ ಜಾಗ ಪಾರಕವಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ತತ್ವ. ಮೇಣ ಹೀರಿದ ನೆಗೆಟಿವ್ ಮೂಲಕ ಬೆಳಕು ಸುಲಭವಾಗಿ ಹಾಯುತ್ತದೆ. ಅದನ್ನು ಬೆಳ್ಳಿಯ ಲವಣ ಸವರಿದ ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಕಪ್ಪಿದ್ದದ್ದು ಬಿಳುಪಾಗಿ, ಬಿಳುಪಿದ್ದದ್ದು ಕಪ್ಪಾಗಿ ನಿಜವಾದ ಚಿತ್ರ ಸಿದ್ಧ. ಕೆಲವರು ಮೇಣವನ್ನು ಮೊದಲೇ ಹಚ್ಚುತ್ತಿದ್ದರು, ಕೆಲವರು ಕೊನೆಯಲ್ಲಿ. ಗ್ರೀನ್‌ಲಾ ನಮ್ಮ ದೇಶದ ಸೆಕೆಗೆ ಹೊಂದುವಂತೆ ಈ ವಿದ್ಯೆಯಲ್ಲಿ ಎಷ್ಟು ಪಳಗಿದರೆಂದರೆ, ಕಾಗದದ ನೆಗೆಟಿವ್ ಮಾಡುವ ವಿಧಾನವೊಂದು ಮುಂದೆ ಛಾಯಾಗ್ರಹಣದ ಕೈಪಿಡಿಗಳಲ್ಲಿ ಅವರ ಹೆಸರಿನಲ್ಲೇ ಸೇರಿತು.

ಚಿತ್ರದಲ್ಲಿ ಕಾಣದ ಜನ

ಈ ಕಾಗದಕ್ಕೆ ಬೆಳಕು ನಿಮಿಷಗಟ್ಟಲೆ ಬೇಕಿತ್ತು. ಐದು ನಿಮಿಷ ಎಂದೇ ಇಟ್ಟುಕೊಳ್ಳಿ. ಅಂದರೆ 300 ಸೆಕೆಂಡು. ಇಂದಿನ ಮೊಬೈಲು ಫೋನು ಒಳ್ಳೆಯ ಬಿಸಿಲಿನಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ಹಿಡಿಯಬಲ್ಲದು. ಲೆಕ್ಕ ಹಾಕಿದರೆ ವ್ಯತ್ಯಾಸ 3,00,000 ಪಟ್ಟು!

ಇದರ ಪರಿಣಾಮವೊಂದನ್ನು ಗಮನಿಸಬೇಕು. ಕ್ಯಾಮೆರಾದ ಮುಂದೆ ನಡೆದು ಹೋದ ಮನುಷ್ಯ, ಓಡಾಡಿದ ದನ ಕರು, ಅಲುಗಿದ ಎಲೆ ಯಾವುದೂ ಕಾಗದದ ಮೇಲೆ ಸರಿಯಾಗಿ ಮೂಡುವುದಿಲ್ಲ. ಇನ್ನೊಂದು ವಿಶೇಷವೂ ಉಂಟು. ಬೆಳ್ಳಿಯ ಅಯೊಡೈಡ್ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತದೆ. ಆದ್ದರಿಂದ ನೀಲಿ ಆಕಾಶ ಮೋಡವಿಲ್ಲದ ಬಿಳಿ ಹಾಳೆಯಾಗಿ ಬಿಡುತ್ತಿತ್ತು. ಹಳೆಯ ಚಿತ್ರಗಳನ್ನು ನೋಡಿ ‘ಆಗ ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಅದು ಅವಸರದ ಮಾತು. ಚಿತ್ರ ಸುಳ್ಳು ಹೇಳದಿರಬಹುದು. ಆದರೆ ಕಂಡದ್ದೆಲ್ಲವನ್ನೂ ಹೇಳುವುದಿಲ್ಲ. ಅದು ಹೇಳದ ಭಾಗ ಯಾವುದೆಂದು ತಿಳಿಯಲು ವಿಜ್ಞಾನ ಬೇಕು.

ನೂರಿಪ್ಪತ್ತೇಳು ವರ್ಷಗಳ ಬಳಿಕ

ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಸುಮಾರು 60 ನೆಗೆಟಿವ್‌ಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿದ್ದವು. 1980ರಲ್ಲಿ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಅವು ಮತ್ತೆ ಬೆಳಕಿಗೆ ಬಂದವು. ವಿದ್ವಾಂಸರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಹಂಪಿಯ ಅಧ್ಯಯನ ಆರಂಭಿಸಿದ ಕಾಲವೂ ಅದೇ. ಆಗ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗದಲ್ಲೇ ಮತ್ತೆ ಕ್ಯಾಮೆರಾ ಇಟ್ಟರೆ? ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಆ ಕೆಲಸ ಮಾಡಿದರು. 127 ವರ್ಷಗಳ ಅಂತರದ ಜೋಡಿಚಿತ್ರಗಳು ಪಕ್ಕಪಕ್ಕದಲ್ಲಿ ಕುಳಿತವು. ಬಿದ್ದದ್ದು ಯಾವುದು, ಉಳಿದದ್ದು ಯಾವುದು, ದುರಸ್ತಿಯಾದದ್ದು ಯಾವುದು ಎಂಬುದನ್ನು ಯಾರು ಬೇಕಾದರೂ ಹೋಲಿಸಿ ನೋಡುವಂತಾಯಿತು.

ಒಂದು ಚಿತ್ರ ಮಾತ್ರ ಕೈಯಲ್ಲಿದ್ದರೆ ಅದನ್ನು ತೆಗೆದ ಜಾಗವನ್ನು ಕಂಡುಹಿಡಿಯಬಹುದೇ? ಖಂಡಿತ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಆಚೆ ಈಚೆ ಜಿಗಿಯುತ್ತದೆ. ನೋಡುವ ಸ್ಥಾನ ಸ್ವಲ್ಪ ಬದಲಾದರೂ ಹತ್ತಿರದ ವಸ್ತು, ದೂರದ ವಸ್ತುಗಳ ಸಂಬಂಧ ಬದಲಾಗುತ್ತದೆ ಎಂಬುದೇ ಇದರ ಗುಟ್ಟು. ಹಳೆಯ ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಗುಡ್ಡದ ಯಾವ ಬಂಡೆಯ ಮುಂದೆ ಬಂದಿದೆ ಎಂದು ಗುರುತಿಸಿಕೊಂಡು, ಅದೇ ಹೊಂದಾಣಿಕೆ ಸಿಗುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತಾ ಹೋಗಬೇಕು. ಇಂಥ ಎರಡು ಮೂರು ಜೋಡಿಗಳು ಕೂಡಿಬಂದರೆ ಕ್ಯಾಮೆರಾ ನಿಂತಿದ್ದ ಜಾಗ ಸಿಕ್ಕಿತೆಂದೇ ಲೆಕ್ಕ. ಹಂಪಿಯಲ್ಲಿ ಇದಕ್ಕೆ ಬೇಕಾದ ಗುರುತುಗಳಿಗೆ ಬರವಿಲ್ಲ. ಮರ ಬೆಳೆಯಬಹುದು, ಗೋಡೆ ಬೀಳಬಹುದು. ಗುಡ್ಡದ ಹೆಬ್ಬಂಡೆಗಳು ಅಷ್ಟು ಸುಲಭಕ್ಕೆ ಕದಲುವುದಿಲ್ಲ.

ಹೊತ್ತನ್ನು ಹೇಳುವುದು ನೆರಳು. ವಿಠ್ಠಲ ದೇವಾಲಯ ಪೂರ್ವಾಭಿಮುಖವಾಗಿದೆ. ಅದರ ಮುಂಭಾಗದ ಮೇಲೆ ಬಿಸಿಲು ನೇರವಾಗಿ ಬಿದ್ದಿದ್ದರೆ ಬೆಳಗಿನ ಚಿತ್ರ. ನೆರಳಿನಲ್ಲಿದ್ದರೆ ಮಧ್ಯಾಹ್ನದ ನಂತರದ್ದು.

ಇಂದಿಗೂ ಬೇಕಾದ ಸಾಕ್ಷಿ

ಇದೆಲ್ಲ ಹಳೆಯ ಕಥೆ, ಈಗ ಹಂಪಿ ವಿಶ್ವ ಪರಂಪರೆಯ ತಾಣ, ಅಲ್ಲಿ ಇನ್ನೇನೂ ಬದಲಾಗದು ಎಂದುಕೊಳ್ಳುವ ಹಾಗಿಲ್ಲ. 2019ರ ಫೆಬ್ರುವರಿಯಲ್ಲಿ ಯುವಕರು ಹಂಪಿಯ ದೇವಾಲಯವೊಂದರ ಕಂಬ ಕೆಡವಿದ ವಿಡಿಯೊ ಊರೆಲ್ಲ ಹರಿದಾಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿದ್ದಲ್ಲದೆ, ಬೀಳಿಸಿದವರ ಕೈಯಲ್ಲೇ ಕಂಬಗಳನ್ನು ಎತ್ತಿ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಮಳೆಗೆ ವಿರೂಪಾಕ್ಷ ದೇವಾಲಯದ ಎದುರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಬಿದ್ದ ಕಂಬವನ್ನು ಮತ್ತೆ ನಿಲ್ಲಿಸುವಾಗ ‘ಮೊದಲು ಇದು ಹೇಗಿತ್ತು?’ ಎಂಬ ಪ್ರಶ್ನೆ ಏಳುತ್ತದೆ. ಆಗ ಉತ್ತರ ಹೇಳುವುದು ಹಿಂದೆಂದೋ, ಯಾರೋ ತೆಗೆದಿಟ್ಟ ಚಿತ್ರ.

ಹಂಪಿಯ ಚಿತ್ರಗಳೇನೋ ಸಾವಿರಾರು ಸಿಕ್ಕಾವು. ನಿಮ್ಮೂರ ಕೆರೆಯ ಏರಿಯ ಮೇಲಿನ ವೀರಗಲ್ಲಿಗೆ? ಹೂಳು ತುಂಬಿದ ಕಲ್ಯಾಣಿಗೆ? ರಸ್ತೆ ಅಗಲವಾಗುವಾಗ ಮಾಯವಾಗುವ ಊರಬಾಗಿಲಿಗೆ, ಅಗಸೆಕಟ್ಟೆಯ ಆಲದ ಮರಕ್ಕೆ? ಅವುಗಳಿಗೆ ಗ್ರೀನ್‌ಲಾ ಬರುವುದಿಲ್ಲ. ಬಂದರೆ ಆ ಊರಿನ ಮಕ್ಕಳೇ ಬರಬೇಕು.

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಮನೆಯಲ್ಲಿರುವ ಫೋನೇ ಸಾಕು. ಬೇಕಾದದ್ದು ಶಿಸ್ತು. ರಜೆಯಲ್ಲಿ ಒಂದು ದಿನ ಹಿರಿಯರೊಡನೆ ಹೋಗಿ ಒಂದೇ ಸ್ಮಾರಕವನ್ನು ಆರಿಸಿಕೊಳ್ಳಿ. ಮೊದಲು ದೂರದಿಂದ, ಸುತ್ತಲಿನ ನೆಲ, ಗುಡ್ಡ, ಮರಗಳ ಸಮೇತ ಒಂದು ಚಿತ್ರ. ಆಮೇಲೆ ನಾಲ್ಕೂ ದಿಕ್ಕಿನಿಂದ ಒಂದೊಂದು. ಕೊನೆಗೆ ಹತ್ತಿರದಿಂದ ಶಾಸನ, ಕೆತ್ತನೆ, ಬಿರುಕು. ಗಾತ್ರ ತಿಳಿಯಲು ಪಕ್ಕದಲ್ಲೊಂದು ಅಡಿಪಟ್ಟಿ ಹಿಡಿದರೆ ಒಳಿತು. ಕಲ್ಲಿನ ಮೇಲೆ ಹತ್ತಬಾರದು. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ, ಎಣ್ಣೆ ಬಳಿಯಬಾರದು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆ ತಾನಾಗಿಯೇ ಎದ್ದು ಕಾಣುತ್ತದೆ. ಸಂರಕ್ಷಿತ ಸ್ಮಾರಕವಾದರೆ ಮುಕ್ಕಾಲಿಯಂಥ ಸಲಕರಣೆ ಒಯ್ಯುವ ಮುನ್ನ ಅನುಮತಿ ವಿಚಾರಿಸಿ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ದಿನಾಂಕ, ಹೊತ್ತು, ನಿಂತ ಜಾಗ, ಮುಖ ಮಾಡಿದ ದಿಕ್ಕು ಇವಿಷ್ಟನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ‘ಫೋನಿನಲ್ಲೇ ಎಲ್ಲ ಇರುತ್ತದಲ್ಲ’ ಎನ್ನಬಹುದು. ಫೋನು ಸಮಯವನ್ನೂ, ಅನುಮತಿ ಕೊಟ್ಟಿದ್ದರೆ ಸ್ಥಳವನ್ನೂ ಚಿತ್ರದೊಡನೆ ದಾಖಲಿಸುವುದು ನಿಜ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಚಿತ್ರ ಕಳುಹಿಸಿದಾಗ ಆ ಮಾಹಿತಿ ಕಳಚಿಹೋಗುತ್ತದೆ. ಹತ್ತು ಕೈ ದಾಟಿದ ಚಿತ್ರ ಯಾವ ಊರಿನದೆಂದು ಹೇಳುವವರೇ ಇರುವುದಿಲ್ಲ. ಆದ್ದರಿಂದ ಮೂಲಪ್ರತಿಯನ್ನು ಎರಡು ಕಡೆ ಉಳಿಸಿ, ಒಂದೆರಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿಟ್ಟರೆ ಮೇಲು. ಮರುವರ್ಷ ಅದೇ ದಿನ ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.

ತಂದೆ ತಾಯಂದಿರಿಗೂ ಇದರಲ್ಲಿ ಪಾಲಿದೆ. ಟ್ರಂಕಿನ ತಳದಲ್ಲಿರುವ ಮದುವೆ, ಜಾತ್ರೆಯ ಹಳೆಯ ಫೋಟೊಗಳನ್ನು ಮಕ್ಕಳೊಡನೆ ಕುಳಿತು ತೆಗೆದು ನೋಡಬೇಕು. ನಿಂತವರ ಬೆನ್ನ ಹಿಂದೆ ಯಾವ ಗುಡಿ, ಯಾವ ಬಾವಿ, ಯಾವ ಬೀದಿ ಇದೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆತ್ತಗೆ ಬರೆದಿಡಬೇಕು. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.

ಕಲ್ಲಿನ ರಥದ ಮುಂದೆ ನಿಂತ ಗ್ರೀನ್‌ಲಾ ಅವರಿಗೆ ಆ ಗೋಪುರ ಮುಂದೊಂದು ದಿನ ಇರುವುದಿಲ್ಲವೆಂದು ಗೊತ್ತಿರಲು ಸಾಧ್ಯವಿಲ್ಲ. ಎದುರಿಗಿದ್ದದ್ದನ್ನು ಅವರು ಇದ್ದ ಹಾಗೆ, ಜತನದಿಂದ ಹಿಡಿದರು. ಹಾಗಾಗಿಯೇ ಐವತ್ತರ ನೋಟಿನಲ್ಲಿ ಇಲ್ಲದ ಗೋಪುರ ಒಂದು ಕಾಗದದ ಮೇಲೆ ಇನ್ನೂ ನಿಂತಿದೆ.