ಒಂದೇ ಬಸ್ಸು ಎರಡಾಗಿ ಕಂಡರೆ ಚಷ್ಮಾದಂಗಡಿಗೆ ಓಡಬೇಡಿ

ಗೂಗಲ್ ಅಂದರೆ ಈಗಿನ ಹುಡುಗರು ಜೇಬಿನಿಂದ ಫೋನು ತೆಗೀತಾರೆ. ನಾವು ಹೇಳುತ್ತಿರುವುದು ದೇವದುರ್ಗ ತಾಲೂಕಿನ ಗೂಗಲ್ ಸ್ವಾಮಿ, ಕೃಷ್ಣೆಯ ದಂಡೆಯ ಊರು, ಅಲ್ಲಮಪ್ರಭುವಿನ ಗುಡಿಯ ಊರು. ಅಲ್ಲಿಯ ಬ್ಯಾರೇಜ್ ಸೇತುವೆಯ ದಾರಿಯಾಗಲಿ, ಮಾನ್ವಿ ರಸ್ತೆಯಾಗಲಿ, ನೋಟ ಒಂದೇ: ಒಂದು ಬೈಕು, ಮೂರು ಮಂದಿ, ಹೆಲ್ಮೆಟ್ಟು ಹ್ಯಾಂಡಲ್ಲಿಗೆ.

ಬಿದ್ದವರು ಎದ್ದು ಧೂಳು ಕೊಡವಿ, “ಏನೂ ಆಗಿಲ್ಲ ಬಿಡ್ರಿ, ರಕ್ತಾನೇ ಬಂದಿಲ್ಲ” ಅಂತ ಮನೆಗೆ ಹೋಗುವುದು ನಮ್ಮ ಕಡೆಯ ವಾಡಿಕೆ. ಆಮೇಲೆ ಹೊಸ ರಾಗ ಶುರು. “ಎಲ್ಲಾ ಎರಡೆರಡು ಕಾಣಕತ್ತಾವ್ರಿ!” ಎದುರಿಗೆ ಬರುವ ಬಸ್ಸು ಎರಡು, ಖಾತೆ ಪುಸ್ತಕದ ಸಾಲು ಎರಡು. ಒಬ್ಬರು ಕಣ್ಣಿಗೆ ಹನಿ ಹಾಕು ಅಂತಾರೆ, ಇನ್ನೊಬ್ಬರು ಸೊಪ್ಪಿನ ರಸ ಹಿಂಡು ಅಂತಾರೆ, ಮೂರನೆಯವರು ನಂಬರ್ ಬದಲಾಗಿರಬೇಕು ಅಂತ ಚಷ್ಮಾದಂಗಡಿಗೆ ಕರಕೊಂಡು ಹೋಗ್ತಾರೆ. ಕೆಟ್ಟಿರುವುದು ಕಣ್ಣಲ್ಲ, ಕಣ್ಣನ್ನು ತಿರುಗಿಸುವ ನರ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಒಂದೊಂದು ಕಣ್ಣಿಗೂ ಆರಾರು ಸ್ನಾಯು, ಎತ್ತಿನ ಹಗ್ಗ ಇದ್ದ ಹಾಗೆ. ಈ ಹಗ್ಗ ಜಗ್ಗುವುದಕ್ಕೆ ಮಿದುಳಿನಿಂದ ಮೂರು ಜೊತೆ ನರ ಬರುತ್ತವೆ. ವೈದ್ಯರು ಇವನ್ನು ಮೂರನೆಯದು, ನಾಲ್ಕನೆಯದು, ಆರನೆಯದು ಎಂದು ಕರೆಯುತ್ತಾರೆ. ಎರಡು ಕಣ್ಣೂ ಜೋಡೆತ್ತಿನಂತೆ ಒಂದೇ ಕಡೆ ನಡೆದರೆ ಒಂದೇ ಚಿತ್ರ. ಒಂದು ಹಗ್ಗ ಸಡಿಲಾಯಿತೋ, ಒಂದೆತ್ತು ಹೊಲಕ್ಕೆ, ಇನ್ನೊಂದು ಕೆರೆಗೆ!

ತಲೆಗೆ ಪೆಟ್ಟು ಬಿದ್ದಾಗ ಸುಲಭವಾಗಿ ಏಟು ತಿನ್ನುವುದು ನಾಲ್ಕನೆಯ ನರ. ಪಾಪ, ಅದು ಎಲ್ಲಕ್ಕಿಂತ ಸಪೂರ. ಮಿದುಳಿನ ಕಾಂಡದ ಹಿಂಬದಿಯಿಂದ ಹೊರಟು, ಸುತ್ತು ಹಾಕಿ ಮುಂದಕ್ಕೆ ಬರಬೇಕು. ಬೈಕು ಗಕ್ಕನೆ ನಿಂತು ತಲೆ ನೆಲಕ್ಕೆ ಅಪ್ಪಳಿಸಿದಾಗ ಒಳಗೆ ಮಿದುಳು ಜೋಲಿ ಹೊಡೆದು ಈ ದಾರದಂಥ ನರ ಜಜ್ಜುತ್ತದೆ. ಇದರ ಕೈಕೆಳಗಿನ ಸ್ನಾಯುವಿಗೆ ಕಣ್ಣುಗೂಡಿನ ಮೂಲೆಯಲ್ಲಿ ಒಂದು ಪುಟ್ಟ ರಾಟೆಯೇ ಇದೆ. ಬಾವಿಯ ಹಗ್ಗ ರಾಟೆಯ ಮೇಲೆ ಹಾದಂತೆ ಸ್ನಾಯುವಿನ ತುದಿ ಅದರಲ್ಲಿ ಹಾದು ಬರುತ್ತದೆ. ಕೆಳಗೆ ನೋಡುವಾಗ ಇದರ ಕೆಲಸ ಜಾಸ್ತಿ. ಆದ್ದರಿಂದಲೇ ಈ ನರ ಪೆಟ್ಟಾದವನು ದೂರದ ಬೋರ್ಡನ್ನು ಸರಿಯಾಗಿ ಓದಿ, ಬಸ್ಸಿನ ಮೆಟ್ಟಿಲು ಇಳಿಯುವಾಗ ಮುಗ್ಗರಿಸುತ್ತಾನೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಲೆಕ್ಕ ಬರೆಯುವಾಗ ಅಂಕಿಯ ಮೇಲೊಂದು ಅಂಕಿ ಕಾಣುತ್ತದೆ. ಸರಿ ಕಾಣಲೆಂದು ತನಗೇ ಗೊತ್ತಿಲ್ಲದೆ ತಲೆಯನ್ನು ಒಂದು ಹೆಗಲಿಗೆ ವಾಲಿಸುತ್ತಾನೆ. ಮನೆಯವರು ಕುತ್ತಿಗೆ ಉಳುಕಿದೆ ಅಂತ ಎಣ್ಣೆ ತಿಕ್ಕುತ್ತಾರೆ!

ಆರನೆಯದು ಸೋತರೆ ಕಣ್ಣು ಕಿವಿಯ ಕಡೆಗೆ ಹೊರಳುವುದಿಲ್ಲ. ದೂರದ ಬಸ್ಸು ಪಕ್ಕಪಕ್ಕದಲ್ಲಿ ಎರಡಾಗುತ್ತದೆ. ತಲೆಬುರುಡೆಯೊಳಗೆ ಒತ್ತಡ ಏರಿದರೂ ಈ ನರ ಸೋಲುವುದುಂಟು. ಹಾಗಾಗಿ ಪೆಟ್ಟಾದ ಮೇಲೆ ಹೀಗಾದರೆ ಸ್ಕ್ಯಾನ್ ಮಾಡಿಸಿ ಎಂದು ವೈದ್ಯರು ಹೇಳಿದಾಗ ಚೌಕಾಸಿ ಮಾಡಬಾರದು.

ಮೂರನೆಯದರ ಮಾತು ಬೇರೆ. ರೆಪ್ಪೆ ಜೋತು ಬೀಳುತ್ತದೆ, ಕಣ್ಣು ಹೊರಕ್ಕೂ ಕೆಳಕ್ಕೂ ಸರಿಯುತ್ತದೆ. ಅದರ ಜೊತೆಗೆ ಪಾಪೆ ದೊಡ್ಡದಾಗಿ ಬೆಳಕಿಗೂ ಕುಗ್ಗದಿದ್ದರೆ, ತಲೆನೋವು, ವಾಂತಿ, ಮಂಪರು ಇದ್ದರೆ, ಒಳಗೆ ರಕ್ತ ಸೇರಿ ಮಿದುಳು ನರವನ್ನು ಒತ್ತುತ್ತಿರಬಹುದು. ಪೆಟ್ಟಿಲ್ಲದೆಯೂ ರಕ್ತನಾಳ ಉಬ್ಬಿ ಹೀಗಾಗುವುದುಂಟು. “ಮಲಗಲಿ ಬಿಡು, ಬೆಳಗ್ಗೆ ನೋಡೋಣ” ಅನ್ನುವ ಮಾತು ಇಲ್ಲಿ ಪ್ರಾಣ ತೆಗೆಯುತ್ತದೆ. 108ಕ್ಕೆ ಫೋನು ಮಾಡಿ, ತತ್‌ಕ್ಷಣ ಹೊರಡಿ.

ಹೊರಡುವುದೆಲ್ಲಿಗೆ? ದೇವದುರ್ಗದಿಂದ ರಾಯಚೂರಿಗೇ ಐವತ್ತು ಕಿಲೋಮೀಟರ್ ಮೇಲೆ. ರಾಯಚೂರಿನಲ್ಲಿ 2007ರಲ್ಲಿ ಶುರುವಾದ ರಿಮ್ಸ್ ಇದೆ. ಅದಕ್ಕೂ ಮೀರಿದ್ದಾದರೆ ಹೈದರಾಬಾದು, ಇಲ್ಲವೇ ನಾನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ನಿಮ್ಹಾನ್ಸ್. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿಗೆ ಕೂತವರು ವರ್ಷಗಟ್ಟಲೆ ಏಳಲಿಲ್ಲ. ಅವರು ಹಟಮಾರಿಗಳು ಅನ್ನುವವರು ಒಂದು ಸಲ ತಲೆಪೆಟ್ಟಿನವನ ಜೊತೆ ರಾತ್ರಿ ಆಂಬ್ಯುಲೆನ್ಸಿನಲ್ಲಿ ಕೂತು ನೋಡಲಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಯಾವ ಕಣ್ಣು ಮುಚ್ಚಿದರೂ ಎರಡು ಹೋಗಿ ಒಂದೇ ಕಂಡರೆ ಕಣ್ಣುಗಳ ಜೋಡಿ ತಪ್ಪಿದೆ ಎಂದರ್ಥ. ಒಂದು ಮುಚ್ಚಿದ ಮೇಲೂ ಎರಡೇ ಕಂಡರೆ ಪೊರೆಯೋ ನಂಬರೋ ಇರಬಹುದು. ಎರಡರಲ್ಲೂ ಡಾಕ್ಟರಲ್ಲಿಗೆ ಹೋಗಲೇಬೇಕು, ಆದರೆ ಮೊದಲನೆಯದರಲ್ಲಿ ಅವಸರ.

ಅಂಗಡಿಕಾರರಿಗೆ ಇನ್ನೊಂದು ಮಾತು. ಪೆಟ್ಟೇ ಬೀಳದೆ ಒಂದು ಬೆಳಗ್ಗೆ ಹೀಗಾದರೆ ಸಕ್ಕರೆ ಕಾಯಿಲೆ, ಬಿ.ಪಿ. ನೋಡಿಸಿ. ನರಕ್ಕೆ ರಕ್ತ ಕಡಿಮೆಯಾಗಿ ಸೋಲುತ್ತದೆ, ಬಹಳ ಮಂದಿಗೆ ಮೂರು ತಿಂಗಳ ಸುಮಾರಿಗೆ ತಾನೇ ಸರಿಹೋಗುತ್ತದೆ. ಆದರೆ ಅದು ಸಕ್ಕರೆಯದ್ದೇ ಎಂದು ಹೇಳಬೇಕಾದವರು ವೈದ್ಯರು, ಪಕ್ಕದಂಗಡಿಯವರಲ್ಲ.

ಪೆಟ್ಟಿನಿಂದಾದದ್ದು ನಿಧಾನ. ನರ ಚೇತರಿಸಿಕೊಳ್ಳಲೆಂದು ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಒಂದು ಕಣ್ಣಿಗೆ ಪಟ್ಟಿ, ಇಲ್ಲವೇ ಚಷ್ಮಾಕ್ಕೆ ಪ್ರಿಸಂ ಗಾಜು. ಆಮೇಲೂ ಉಳಿದರೆ ಸ್ನಾಯುವಿನ ಶಸ್ತ್ರಕ್ರಿಯೆ. ಎರಡೆರಡು ಕಾಣುವಾಗ ಗಾಡಿ ಹೊಡೆಯುವ ಮಾತೇ ಬೇಡ. ಹೊಸದಾಗಿ ಪಟ್ಟಿ ಕಟ್ಟಿದಾಗಲೂ ಬೇಡ, ದೂರದ ಅಂದಾಜು ತಪ್ಪುತ್ತದೆ. ಮಕ್ಕಳು ಎರಡು ಕಾಣುತ್ತದೆ ಅಂತ ಹೇಳದೆಯೂ ಇರಬಹುದು, ಅವರ ಮಿದುಳು ಒಂದು ಚಿತ್ರವನ್ನು ಅಳಿಸಿಬಿಡುತ್ತದೆ. ಬಿದ್ದ ಮಗುವಿಗೆ ಮೆಳ್ಳಗಣ್ಣು ಬಂದರೆ ಅದೃಷ್ಟ ಅಂತ ಕೂಡಬೇಡಿ.

ಹೆಲ್ಮೆಟ್ಟಿನ ಮಾತು ಎಲ್ಲರಿಗೂ ಬೇಸರ, ಗೊತ್ತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯ. ಹೆಲ್ಮೆಟ್ಟು ತಲೆಪೆಟ್ಟಿನ ಸಂಭವವನ್ನು ಸುಮಾರು ಶೇ. 69ರಷ್ಟು ಇಳಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹ್ಯಾಂಡಲ್ಲಿಗೆ ತೂಗುಹಾಕಿದ ಹೆಲ್ಮೆಟ್ಟಿನ ಲೆಕ್ಕ ಅದರಲ್ಲಿಲ್ಲ!

ದವಾಖಾನೆಗೆ ಹೋಗುವಾಗ ಬಿದ್ದ ದಿನ, ಎರಡು ಕಾಣಲು ಶುರುವಾದ ದಿನ ಚೀಟಿಯಲ್ಲಿ ಬರೆದು ಒಯ್ಯಿರಿ. ಹಳೆಯ ಫೋಟೋ ಒಂದೆರಡು ಇರಲಿ, ಮದುವೆಯದ್ದಾದರೂ ಆದೀತು. ತಲೆ ವಾಲಿಸುವುದು ಈಗ ಬಂದದ್ದೋ, ಹುಟ್ಟಿನಿಂದ ಇದ್ದದ್ದೋ ಎಂದು ಡಾಕ್ಟರು ಅದರಲ್ಲಿ ನೋಡುತ್ತಾರೆ.